ಚೆಂಡಿನ ಹೊಟ್ಟೆಯೊಳಗಿನ ಬುಗುರಿ

ಆನ್‌ಸೈಟ್ ಅಂತ ಅಮೆರಿಕದ ಒಹಾಯೋದಲ್ಲಿದ್ದಾಗಿನ ಮಾತು. ಒಂದು ಶುಕ್ರವಾರ ಸಂಜೆ ಟೀಮಿನವರೆಲ್ಲ ಬೌಲಿಂಗ್ ಆಡೋಕೆ ಹೊರಟರು. ನಾನು ಹಳ್ಳಿಯಲ್ಲಿ ಲಗೋರಿಗೆ ಗುರಿಯಿಟ್ಟು ಬೆಳೆದವನು, ಇದೇನು ಮಹಾ ಅಂದುಕೊಂಡೆ. 60 ಅಡಿ ಆಚೆ ಹತ್ತು ಪಿನ್ನು. ಮುಂದಿನದರ ನಟ್ಟನಡುವಿಗೇ ಹೊಡೆದೆ. ನಡುವಿನವೆಲ್ಲ ಉರುಳಿದವು. ಹಿಂದಿನ ಎರಡು ಮೂಲೆಯಲ್ಲಿ ಒಂದೊಂದು ಪಿನ್ನು ಮಾತ್ರ ನನ್ನನ್ನೇ ನೋಡುತ್ತಾ ನಿಂತಿದ್ದವು.

"ನಡುವಿಗೆ ಹೊಡೆದಿದ್ದೇ ತಪ್ಪು" ಅಂತ ನಕ್ಕರು ಟೀಮಿನ ಹಿರಿಯರೊಬ್ಬರು. ಅವರ ಹತ್ತಿರ ಸ್ವಂತ ಚೆಂಡೇ ಇತ್ತು. ಚೆಂಡು ಹೆಚ್ಚೆಂದರೆ 16 ಪೌಂಡು, ಅಂದರೆ ಏಳು ಕೆಜಿ ಚಿಲ್ಲರೆ. ಪಿನ್ನು ಒಂದೊಂದೂ ಒಂದೂವರೆ ಕೆಜಿ; ಹತ್ತೂ ಸೇರಿದರೆ ಚೆಂಡಿನ ಎರಡರಷ್ಟು ಭಾರ! ಹಾಗಾಗಿ ಚೆಂಡೊಂದೇ ಎಲ್ಲವನ್ನೂ ಕೆಡವೋದಿಲ್ಲ. ಬಲಗೈಯವರ ಒಳ್ಳೆಯ ಸ್ಟ್ರೈಕ್‌ನಲ್ಲಿ ಚೆಂಡು ಮುಟ್ಟೋದು 1, 3, 5, 9ನೇ ಪಿನ್ನುಗಳನ್ನು ಮಾತ್ರ. ಉಳಿದ ಆರನ್ನು ಪಿನ್ನುಗಳೇ ಬೀಳಿಸಿಕೊಳ್ಳುತ್ತವೆ. ಅದಕ್ಕೆ ಚೆಂಡು 1 ಮತ್ತು 3ರ ಸಂದಿಗೆ ಸುಮಾರು 6 ಡಿಗ್ರಿ ಓರೆಯಾಗಿ ನುಗ್ಗಬೇಕು. ನೇರ ಎಸೆದರೆ 2 ಡಿಗ್ರಿಯೂ ಸಿಗೋದಿಲ್ಲ.

ಆ ತಿರುವು ಬರೋದು ಚೆಂಡಿನಿಂದ. ಹಿಂದೆ ಮರದ್ದು, ಆಮೇಲೆ ರಬ್ಬರು, ಪ್ಲಾಸ್ಟಿಕ್ಕು. 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್ ಅನ್ನೋ ಹೊದಿಕೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಹಾದಿಗೆ ಬಳಿದ ಎಣ್ಣೆಯ ಮೇಲೆ ಚೆಂಡು ಜಾರುತ್ತಾ ಹೋಗಿ, ಕೊನೆಯ ಒಣ ಜಾಗದಲ್ಲಿ ನೆಲ ಕಚ್ಚಿ ತಿರುಗುತ್ತೆ. ಹೊಟ್ಟೆಯೊಳಗೆ ಸಮಗುಂಡಗಿಲ್ಲದ ಭಾರದ ಗಟ್ಟಿಯೊಂದಿರುತ್ತೆ. ಅದರಿಂದ ಚೆಂಡು ಉರುಳುತ್ತಲೇ ತುಸು ಓಲಾಡುತ್ತೆ. ಹೀಗಾಗಿ ಪ್ರತಿ ಸುತ್ತಿಗೂ ಎಣ್ಣೆ ಮೆತ್ತದ ಹೊಸ ಮೈ ನೆಲಕ್ಕೆ ತಾಗಿ ಹಿಡಿತ ಹೆಚ್ಚುತ್ತೆ.

ಓಲಾಟ ಅಂದ ಕೂಡಲೇ ನನಗೆ ಬುಗುರಿ ನೆನಪಾಯಿತು. ಚಿಕ್ಕಂದಿನಲ್ಲಿ ನನ್ನ ಬುಗುರಿಯ ಮೊಳೆ ಒಂದು ಕೂದಲು ಆಚೀಚೆಯಾಗಿ ಅದು ಕುಡಿದವನ ಹಾಗೆ ತೂರಾಡುತ್ತಿತ್ತು. ನಮ್ಮಲ್ಲಿ ಅದು ದೋಷ. ಇಲ್ಲಿ ಅದನ್ನೇ ಲೆಕ್ಕ ಹಾಕಿ ಒಳಗಿಟ್ಟಿದ್ದಾರೆ!

ಬುಗುರಿಯ ಹಿಂದೆ ಅಪ್ಪಯ್ಯ ಬಂದರು. ಮೂರು ವಾರದ ಹಿಂದೆ ಫೋನಿನಲ್ಲಿ, "ತೋಟ ಮಾರಿಬಿಡಿ, ನಿಮ್ಮಿಂದ ಇನ್ನಾಗಲ್ಲ" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ. ಅವತ್ತಿಂದ ನಾನು ಫೋನ್ ಮಾಡಿದರೆ ಸೀದಾ ಅಮ್ಮನ ಕೈಗೆ ಕೊಡುತ್ತಿದ್ದರು. ಹೇಳಿದ ವಿಷಯ ಸುಳ್ಳಾಗಿರಲಿಲ್ಲ. ಆದರೂ ಎರಡು ಮೂಲೆಯಲ್ಲಿ ಇಬ್ಬರೂ ನಿಂತೇ ಇದ್ದೆವು.

ಆ ರಾತ್ರಿ ರೂಮಿಗೆ ಬಂದು ಫೋನ್ ಮಾಡಿದೆ. ಊರಲ್ಲಿ ಬೆಳಿಗ್ಗೆ. ಅಮ್ಮನಿಗೆ ಕೊಡುವ ಮೊದಲೇ ಕೇಳಿದೆ: "ಅಪ್ಪಯ್ಯ, ನನ್ನ ಬುಗುರಿ ಯಾಕೆ ಅಷ್ಟು ತೂರಾಡ್ತಿತ್ತು?"

ಒಂದು ಗಳಿಗೆ ಮೌನ. "ಮೊಳೆ ಹೊಡೆದಿದ್ದು ನೀನೇ ಅಲ್ವನಾ? ನಾ ಬೇಡ ಅಂದ್ರೂ ಕೇಳ್ಲಿಲ್ಲ" ಅಂದವರೇ ನಕ್ಕುಬಿಟ್ಟರು.

ಇಪ್ಪತ್ತು ನಿಮಿಷ ಮಾತಾಡಿದೆವು. ತೋಟದ ಸುದ್ದಿ ಇಬ್ಬರೂ ಎತ್ತಲಿಲ್ಲ.