ಪಗಡಿಯ ತಂಗಿ

ಮಗಳ ಮನಿಗೆ ನ್ಯೂಯಾರ್ಕಿಗೆ ಹೋದಾಗ ವಾರಕ್ಕೊಂದು ರಾತ್ರಿ ಬ್ಯಾಕ್‌ಗ್ಯಾಮನ್ ಪಂದ್ಯಕ್ಕ ಹೋಗ್ತಿದ್ವಿ. ನಮ್ಮ ಪಗಡಿಯ ತಂಗಿ ಅನ್ರಿ. 24 ಮನಿ, ಒಬ್ಬೊಬ್ಬರಿಗೆ 15 ಕಾಯಿ. ಒಂಟಿ ಕಾಯಿ ಸಿಕ್ರ ಹೊಡೀತಾರ, ಜೋಡಿ ಇದ್ರ ಮುಟ್ಟೂ ಹಂಗಿಲ್ಲ.

ಲೆಕ್ಕಕ್ಕಂತ ಬ್ಯಾರೆ ಒಂದು ದಾಳ, 2ರಿಂದ 64ರ ತನಕ ಅಂಕಿ. 1920ರ ದಶಕದಾಗ ಅದ ಊರಾಗ ಹುಟ್ಟಿದ್ದು. ಅದನ್ನ ಎದುರಿನವ್ರ ಕಡೆ ಸರಿಸಿದ್ರ ಆಟದ ಲೆಕ್ಕ ದುಪ್ಪಟ್ಟು. ತಗೋಬೇಕು, ಇಲ್ಲಾ ಸೋತೆ ಅಂತ ಬಿಡಬೇಕು.

ಮೊದಲ ಎರಡು ವಾರ ಬರೇ ನೋಡಿದೆ. ನಮ್ಮನಿಯವ್ರು ಹೋದ ಮ್ಯಾಲೆ ನಾ ದಾಳ ಮುಟ್ಟಿರಲಿಲ್ಲ. ಮೂರನೇ ವಾರ ಕೂತೆ. ಎದುರಿನ ಮುದುಕಿ ಅದನ್ನ ನನ್ನ ಕಡೆ ನೂಕಿದ್ಲು. ಮಗಳು ಉಸಿರು ಹಿಡಿದು ನಿಂತಿದ್ಲು. (ನೋಡೋರು ಬಾಯಿ ಬಿಡೂ ಹಂಗಿಲ್ಲ ಅಲ್ಲೆ; ನಮ್ಮ ಕಟ್ಟಿ ಮ್ಯಾಲೆ ಆಗಿದ್ರ!) ತಗೊಂಡೆ. ಜೋಡಿ ಆರು ಬಿತ್ತು ನೋಡ್ರಿ. ಜೋಡಿ ಬಿದ್ರ ನಾಕು ಸಲ ನಡೀತದ. ಮುದುಕೀನೂ ನಕ್ಕಳು. ಮರುವಾರ ಆಕೀನ ನನಗ ಕುರ್ಚಿ ಹಿಡಿದಿದ್ಲು.