ಬೆಳೆಯುವ ಹುಡುಗನ ಕೋವಿ

ನಾವು ಚಿಕ್ಕವರಾಗಿದ್ದಾಗ ವರ್ಷಕ್ಕೊಮ್ಮೆ ದರ್ಜಿಯ ಮುಂದೆ ನಿಂತು ಅಳತೆ ಕೊಡುವ ಸಂಭ್ರಮವೊಂದಿತ್ತು. ದರ್ಜಿ ಪಟ್ಟಿ ಹಿಡಿದು ಬರೆದುಕೊಂಡುದನ್ನೆಲ್ಲ ಕೊನೆಯಲ್ಲಿ ಅಮ್ಮನ ಒಂದು ಮಾತು ಅಳಿಸಿಹಾಕುತ್ತಿತ್ತು: “ಬೆಳೆಯುವ ಹುಡುಗ, ಎರಡಂಗುಲ ದೊಡ್ಡದಾಗಿಯೇ ಇರಲಿ.” ಆ ಎರಡಂಗುಲವನ್ನು ನಾವು ತುಂಬುವಷ್ಟರಲ್ಲಿ ಅಂಗಿಯೇ ಹರಿದಿರುತ್ತಿತ್ತು ಎಂಬುದು ಬೇರೆ ಮಾತು. ಈ ಸೂತ್ರವನ್ನು ಅಂಗಿಗೆ, ಚಪ್ಪಲಿಗೆ, ಹೆಚ್ಚೆಂದರೆ ಸೈಕಲ್ಲಿಗೆ ಅನ್ವಯಿಸಿದುದನ್ನು ಕಂಡಿದ್ದೆ. ಕೋವಿಗೆ ಅನ್ವಯಿಸಿದುದನ್ನು ಕಂಡದ್ದು ಕಳೆದ ಬೇಸಿಗೆಯ ರಜೆಯಲ್ಲಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ನನ್ನ ತಮ್ಮನ ಮನೆಯಲ್ಲಿ.

ತಮ್ಮ ಅಲ್ಲಿ ನೆಲಸಿ ಹದಿನೆಂಟು ವರ್ಷವಾಯಿತು. ಅಲ್ಲಿಯ ಪ್ರಜೆಯೂ ಆಗಿದ್ದಾನೆ. ಅವನ ಮಗನಿಗೆ ಹನ್ನೆರಡು. ಆ ರಾಜ್ಯದಲ್ಲಿ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಮೊದಲ್ಗೊಂಡು ಒಂಬತ್ತು ದಿನ ಕೋವಿಯಿಂದ ಜಿಂಕೆ ಬೇಟೆಗೆ ಅನುಮತಿಯುಂಟು. ಐದು ಲಕ್ಷಕ್ಕೂ ಹೆಚ್ಚು ಜನ ಚೀಟಿ ಪಡೆದು, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಕಾಡು ಸೇರುತ್ತಾರೆ. 1973ರ ಜನವರಿ 1 ಮತ್ತು ಅದರ ಈಚೆಗೆ ಹುಟ್ಟಿದವರೆಲ್ಲ ಮೊದಲು ಬೇಟೆಯ ಪಾಠ ಓದಿ ಪರೀಕ್ಷೆ ಕೊಟ್ಟು ತೇರ್ಗಡೆಯಾಗಬೇಕು. ನಮ್ಮ ಹುಡುಗ ತೇರ್ಗಡೆಯಾಗಿದ್ದ. ಪಕ್ಕದ ಮನೆಯ ಮುದುಕ, ಹಾಲಿನ ದನ ಸಾಕಿ ನಿವೃತ್ತನಾದವನು, ಅವನನ್ನೂ ಅವನಪ್ಪನನ್ನೂ ತನ್ನ ಕಾಡಿಗೆ ಕರೆದೊಯ್ಯುವೆನೆಂದು ಮಾತು ಕೊಟ್ಟಿದ್ದ. ಉಳಿದುದು ಕೋವಿ ಕೊಳ್ಳುವುದೊಂದೇ.

ಕನ್ನಡದ ಮೇಷ್ಟರಿಗೂ ಬೇಟೆಯ ಕೋವಿಗೂ ಏನು ಸಂಬಂಧವೆಂದು ಓದುಗರು ಹುಬ್ಬೇರಿಸಬಾರದು. ನನ್ನ ತಾಯಿಯ ತವರು ಕೊಡಗು. ಸೋದರಮಾವನ ಮನೆಯಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ತೋಕ್ ಪೂ, ಎಂದರೆ ಕೋವಿಹೂ, ಮುಡಿಸಿ ಪೂಜಿಸುವುದನ್ನು ನೋಡುತ್ತ ಬೆಳೆದವನು ನಾನು. ಬೇಟೆ ಮಾತ್ರ ನನ್ನ ಕಾಲಕ್ಕೆ ಕತೆಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಕೋವಿಗಳಿಗೆ ಉಳಿದ ಬೇಟೆಯೆಂದರೆ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿ. ನನಗೆ ಅದರ ಬಗ್ಗೆ ವ್ಯಸನವಿಲ್ಲ. ನಮ್ಮ ಕಾಡಿನಲ್ಲಿ ಈಗ ಉಳಿದಿರುವುದು ಉಳಿಯಲಿ.

ಅದಿರಲಿ, ಕೋವಿಯ ವಿಷಯಕ್ಕೆ ಬರೋಣ. ತಮ್ಮ ಆರಿಸಿಟ್ಟಿದ್ದುದು .30-06 ಎಂಬುದನ್ನು. “ಎರಡು ಮಹಾಯುದ್ಧಗಳಲ್ಲಿ ಅಮೆರಿಕದ ಸೈನ್ಯ ಹಿಡಿದದ್ದು ಇದನ್ನೇ. ಬೆಳೆಯುವ ಹುಡುಗ, ಇದೊಂದು ಕೊಂಡರೆ ಜನ್ಮಕ್ಕಾಯಿತು” ಎಂದ. ಅಮ್ಮನ ಧ್ವನಿಯೇ! ಇನ್ನೂ ಧಾರಾಳವಾಗಿ .300 ಮ್ಯಾಗ್ನಮ್ ಕೊಂಡರೆ ಹೇಗೆ ಎಂಬ ಯೋಚನೆಯೂ ಇತ್ತು. ಹುಡುಗ ಮೂವತ್ತೆಂಟು ಕಿಲೋ ತೂಗುತ್ತಿದ್ದ.

ಈ ಅಂಕಿಗಳ ಅರ್ಥ ತಿಳಿಯಲು ನಾನು ಎರಡು ದಿನ ಒದ್ದಾಡಿದೆ. ಕ್ಯಾಲಿಬರ್ ಎಂದರೆ ಸ್ಥೂಲವಾಗಿ ನಳಿಗೆಯ ಅಥವಾ ಗುಂಡಿನ ವ್ಯಾಸ; .30 ಎಂದರೆ ಅಂಗುಲದ ನೂರರಲ್ಲಿ ಮೂವತ್ತು ಪಾಲು. ಅಲ್ಲಿಯವರೆಗೆ ಸರಿ. ಮುಂದಿನ 06 ಏನೆಂದರೆ 1906ನೆಯ ಇಸವಿ! ಹಾಗಾದರೆ .30-30ರ ಎರಡನೆಯ ಮೂವತ್ತು ಇಸವಿಯೋ ಎಂದರೆ ಅಲ್ಲ, ಅದು ಮೊದಲು ತುಂಬುತ್ತಿದ್ದ ಮದ್ದಿನ ತೂಕ, ಮೂವತ್ತು ಗ್ರೇನ್. 7 ಎಂಎಂ-08ರಲ್ಲಿ ಎಂಟು ಎಲ್ಲಿಂದ ಬಂತು? .308 ಎಂಬ ಇನ್ನೊಂದು ತೋಟಾದ ಕತ್ತನ್ನು ಕಿರಿದುಮಾಡಿ ಏಳು ಮಿಲಿಮೀಟರಿನ ಗುಂಡು ಕೂರಿಸಿದ್ದಾರಾದ್ದರಿಂದ ತಾಯಿಯ ಬಾಲ ಮಗುವಿಗೆ ಅಂಟಿದೆ. ಇನ್ನು ನಮ್ಮ ಮಾವನ ಹನ್ನೆರಡು ಬೋರಿನ ಕೋವಿಯ ಲೆಕ್ಕವೇ ತಲೆಕೆಳಗು: ಅದರ ನಳಿಗೆಯಲ್ಲಿ ಹಿಡಿಸುವಂಥ ಸೀಸದ ಗುಂಡು ಹನ್ನೆರಡು ಸೇರಿದರೆ ಒಂದು ಪೌಂಡು, ಆದುದರಿಂದ ಇಪ್ಪತ್ತು ಬೋರೆಂಬುದು ಹನ್ನೆರಡಕ್ಕಿಂತ ಚಿಕ್ಕದು. ಕೇಶಿರಾಜನ ಅಪವಾದ ಸೂತ್ರಗಳನ್ನು ಕಂಠಪಾಠ ಮಾಡಿಸುವ ನನಗೇ ಸಾಕುಸಾಕಾಯಿತು.

ಒಂದು ಅಂಕಿ ಮಾತ್ರ ಮನಸ್ಸಿಗೆ ಹತ್ತಿತು. .30-06ರಲ್ಲಿ ಬಳಸುವ ಗುಂಡುಗಳಲ್ಲಿ 180 ಗ್ರೇನಿನದೊಂದುಂಟು. ನೂರೆಂಬತ್ತು ಗ್ರೇನ್ ಎಂದರೆ ನಮ್ಮ ಹಳೆಯ ಅಕ್ಕಸಾಲಿಗರ ಒಂದು ತೊಲ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ಎಳೆಯರಿಗೆ ತಕ್ಕುದೆಂದು ಬಲ್ಲವರು ಹೇಳುವ .243ರಲ್ಲಿ ಜಿಂಕೆಗೆ ಬಳಸುವುದು 100 ಗ್ರೇನಿನ ಆಸುಪಾಸಿನ ಗುಂಡು, ಅರ್ಧ ತೊಲಕ್ಕಿಂತ ತುಸು ಹೆಚ್ಚು. ತೊಲ ಮುಂದಕ್ಕೆ ಹಾರಬೇಕಾದರೆ ಕೋವಿ ಹಿಂದಕ್ಕೆ ಒದೆಯಲೇಬೇಕು. ಏಳೆಂಟು ಪೌಂಡಿನ ಕೋವಿಯಲ್ಲಿ .243ರ ಒದೆ ಸುಮಾರು ಹತ್ತು ಫುಟ್-ಪೌಂಡಾದರೆ .30-06ರದು ಇಪ್ಪತ್ತು. ತಮ್ಮನ ಮ್ಯಾಗ್ನಮ್ಮಿನದು ಇನ್ನೂ ಮೇಲೆ.

ಈ ಒದೆಯ ವಿಚಾರದಲ್ಲಿ ಮಾತ್ರ ನಾನು ಅಧಿಕಾರವಾಣಿಯಿಂದ ಮಾತನಾಡಬಲ್ಲೆ. ನನಗೂ ಹನ್ನೆರಡಾಗಿದ್ದಾಗ ಒಂದು ಕೈಲ್ ಮುಹೂರ್ತದಂದು ಮಾವ ತನ್ನ ಜೋಡುನಳಿಗೆಯ ಕೋವಿಯನ್ನು ನನ್ನ ಕೈಗಿತ್ತು ತೆಂಗಿನಕಾಯಿ ತೋರಿಸಿದ. ಅದರ ಬುಡ ನನ್ನ ಭುಜಕ್ಕೆ ಕೂರಲಿಲ್ಲ. ಕೋವಿ ಉದ್ದ, ನನ್ನ ತೋಳು ಗಿಡ್ಡ. ಬುಡವನ್ನು ಕಂಕುಳಿಗೂ ಭುಜಕ್ಕೂ ನಡುವೆ ಎಲ್ಲಿಯೋ ಆನಿಸಿ ಕಣ್ಣು ಮುಚ್ಚಿ ಎಳೆದೆ. ಕಣ್ಣು ಬಿಟ್ಟಾಗ ಕೆಸರಿನಲ್ಲಿ ಕುಳಿತಿದ್ದೆ, ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು, ಸುತ್ತ ನಗು. “ಗಂಡಸಾದೆ!” ಎಂದು ಮಾವ ಬೆನ್ನು ತಟ್ಟಿದ. ಭುಜ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿ ಹದಿನೈದು ದಿನ ಹಾಗೇ ಇತ್ತು. ತೆಂಗಿನಕಾಯಿ ಅಲ್ಲೇ ಇತ್ತು. ಆ ಬಳಿಕ ವರ್ಷ ವರ್ಷವೂ ಹೊಡೆದಿದ್ದೇನೆ. ಒಂದು ಕಾಯಿಯನ್ನೂ ಒಡೆದವನಲ್ಲ. ನನಗೆ ಗುರಿಯಿಲ್ಲ ಎಂದು ಎಲ್ಲರೂ ತೀರ್ಮಾನಿಸಿದರು, ನಾನೂ ಒಪ್ಪಿಕೊಂಡೆ.

ಪಕ್ಕದ ಮನೆಯ ಮುದುಕನಿಗೆ ಇದನ್ನು ಹೇಳಿದಾಗ ಅವನು ನಗಲಿಲ್ಲ. “ಅದು ಗುರಿಯ ದೋಷವಲ್ಲ, ಬೆದರು” ಎಂದ. ಗುಂಡು ಹಾರುವ ಕ್ಷಣಕ್ಕೆ ಮೊದಲೇ ಮೈ ಒದೆಯನ್ನು ನಿರೀಕ್ಷಿಸಿ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ, ಕೈ ಟ್ರಿಗರನ್ನು ಜಗ್ಗುತ್ತದೆ. ಶಬ್ದವೂ ಒದೆಯಷ್ಟೇ ಇದಕ್ಕೆ ಕಾರಣ. ಆದುದರಿಂದ ಕಿವಿಗೆ ಮುಚ್ಚಳವಿಲ್ಲದೆ ಮಗುವಿನ ಕೈಗೆ ಕೋವಿ ಕೊಡಬಾರದು. ಒಮ್ಮೆ ಹಿಡಿದ ಬೆದರು ಬಿಡುವುದು ಬಲು ಕಷ್ಟವಂತೆ. ತೆಂಗಿನಕಾಯಿಯಾದರೆ ತಪ್ಪಿದರೆ ತಪ್ಪಿತು. ಜಿಂಕೆಯ ಎದೆಗೆ ಇಟ್ಟ ಗುರಿ ಗೇಣುದ್ದ ಜಾರಿದರೆ ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಗುಂಡು ಬಿದ್ದ ಪ್ರಾಣಿ ತಕ್ಷಣ ಸಾಯುವುದಿಲ್ಲ; ಗಂಟೆಗಟ್ಟಲೆ ನರಳಿ, ಯಾವುದೋ ಪೊದೆಯಲ್ಲಿ, ಯಾರ ಊಟಕ್ಕೂ ಆಗದೆ ಸಾಯುತ್ತದೆ. ದೊಡ್ಡ ಗುಂಡಾದರೆ ತಪ್ಪಿದರೂ ಕೊಲ್ಲುತ್ತದೆಂಬುದು ಅಂಗಡಿಯವರ ಮಾತು ಎಂದ ಮುದುಕ. ಶ್ವಾಸಕೋಶ ಹೊಕ್ಕ ಅರ್ಧ ತೊಲ, ಹೊಟ್ಟೆ ಹೊಕ್ಕ ಒಂದು ತೊಲಕ್ಕಿಂತ ಕರುಣೆಯುಳ್ಳದ್ದು.

ಅವನ ಮತ .243ಕ್ಕೆ, 1955ರಲ್ಲಿ ಬಂದದ್ದು, ಅವನ ಮಕ್ಕಳೆಲ್ಲ ಅದರಲ್ಲೇ ಕಲಿತವರು. ಅದಕ್ಕೆ ಎದುರುವಾದವೂ ಉಂಟು. ಗುಂಡು ಹಗುರ, ಆದುದರಿಂದ ಜಿಂಕೆ ಓರೆಯಾಗಿ ನಿಂತಿದ್ದರೆ, ನಡುವೆ ದಪ್ಪ ಮೂಳೆ ಬಂದರೆ, ಕೈಕೊಡಬಹುದು. ಇದು ನುರಿತವನ ಕೋವಿಯೇ ಹೊರತು ಹೊಸಬನದಲ್ಲ ಎನ್ನುವವರಿದ್ದಾರೆ. ನನಗೆ ಈ ಮಾತಿನಲ್ಲಿ ತಥ್ಯವಿದೆ ಅನ್ನಿಸಿತು. .223 ಎಂಬ ಇನ್ನೂ ಚಿಕ್ಕದನ್ನೂ ಆ ರಾಜ್ಯದ ನಿಯಮ ಜಿಂಕೆಗೆ ಒಪ್ಪುತ್ತದೆ. ನಿಯಮ ಒಪ್ಪಿದ ಮಾತ್ರಕ್ಕೆ ಮಗುವಿನ ಕೈಗೆ ಅದನ್ನು ಕೊಡುವುದು ವಿವೇಕವಲ್ಲವೆಂದು ಮುದುಕನೇ ತಲೆಯಾಡಿಸಿದ. ಚಿಕ್ಕದಕ್ಕೂ ಒಂದು ಮಿತಿಯಿರಬೇಕಷ್ಟೆ. ಇತ್ತೀಚಿನ ಹುಡುಗರು ಮೆಚ್ಚುವ 6.5 ಕ್ರೀಡ್‌ಮೂರ್ 2007ರದು. ಒಳ್ಳೆಯದೇ, ಆದರೆ ಅದರ ಭಕ್ತರ ಮಾತು ಕೇಳಲಾಗದು ಎಂದು ನಕ್ಕ.

ಇಲ್ಲಿ ನಾನೂ ನನ್ನ ಪಾಂಡಿತ್ಯವನ್ನು ಸ್ವಲ್ಪ ಹೊರತೆಗೆದೆ. ಜಿಮ್ ಕಾರ್ಬೆಟ್ಟನ ಪುಸ್ತಕಗಳನ್ನು ಓದಿಕೊಂಡಿದ್ದೆ. ಚಂಪಾವತದ ನರಭಕ್ಷಕಿಯನ್ನು ಕೊಂದುದಕ್ಕಾಗಿ 1907ರಲ್ಲಿ ಅವನಿಗೆ ಬಹುಮಾನವಾಗಿ ಬಂದ ರೈಫಲ್ .275 ರಿಗ್ಬಿ, ಹೆಸರು ಇಂಗ್ಲಿಷಿನದಾದರೂ ತೋಟಾ ಜರ್ಮನಿಯ ಮೌಸರ್, ಗುಂಡು ಏಳು ಮಿಲಿಮೀಟರು. ಆಫ್ರಿಕದಲ್ಲಿ ಬೆಲ್ ಎಂಬ ಸ್ಕಾಟ್ಲೆಂಡಿನವನು ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ, ಬಹುಪಾಲು ಇದೇ ಸಣ್ಣ ತೋಟಾದಿಂದ. ಓದುವಾಗ ಮೈ ಜುಮ್ಮೆನ್ನುತ್ತದೆ, ಹೆಮ್ಮೆಯಿಂದಲ್ಲ. ಅವನು ಆನೆಯ ತಲೆಬುರುಡೆಯನ್ನು ಗರಗಸದಿಂದ ಸೀಳಿ ಮಿದುಳು ಎಲ್ಲಿದೆಯೆಂದು ಕಲಿತವನು. ಮುಂದೆ ಆಫ್ರಿಕದ ಹಲವು ದೇಶಗಳು ದೊಡ್ಡ ಪ್ರಾಣಿಗಳಿಗೆ.375 ಎಂಬ ಕನಿಷ್ಠ ಮಿತಿ ಹಾಕಿದವು. ನನಗೆ ಬೇಕಾಗಿದ್ದುದು ಇಷ್ಟೇ: ಕಾರ್ಬೆಟ್ಟನ ಆ ತೋಟಾಕ್ಕೂ 1980ರಲ್ಲಿ ಬಂದ 7 ಎಂಎಂ-08ಕ್ಕೂ ಬಲದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಒದೆ .243ಕ್ಕಿಂತ ಸ್ವಲ್ಪ ಹೆಚ್ಚು, .30-06ಕ್ಕಿಂತ ಬಹಳ ಕಡಮೆ; ಗುಂಡು ಮುಕ್ಕಾಲು ತೊಲದ ಸುತ್ತಮುತ್ತ. ಮದ್ದು ತಗ್ಗಿಸಿದ ಮೆದು ತೋಟಾಗಳೂ ಅದಕ್ಕೆ ಸಿಗುತ್ತವೆ. ಈಗ ಮೆದುವಿನದು, ಭುಜ ಬಲಿತ ಮೇಲೆ ಪೂರ್ಣದ್ದು. ಬೆಳೆಯುವ ಹುಡುಗನ ಎರಡಂಗುಲ ತೋಟಾದಲ್ಲಿರಲಿ ಎಂದೆ.

ತಮ್ಮ ಸುಲಭವಾಗಿ ಒಪ್ಪುವವನಲ್ಲ. ಆಗ ಮುದುಕ ಅವನನ್ನು ತನ್ನ ಹೊಲದ ಗುರಿಹಲಗೆಯ ಬಳಿಗೆ ಕರೆದೊಯ್ದು ತನ್ನ ಸ್ವಂತ .30-06 ಕೈಗೆ ಕೊಟ್ಟ. ನಾಲ್ಕು ಸುತ್ತು ತಾನೇ ತುಂಬಿದ. ಅದರೊಳಗೊಂದು ಮದ್ದಿಲ್ಲದ ಸುಳ್ಳು ತೋಟಾ, ಯಾವುದೆಂದು ತಮ್ಮನಿಗೆ ಗೊತ್ತಿಲ್ಲ. ಮೊದಲ ಎರಡು ಢಮ್ಮೆಂದುವು. ಮೂರನೆಯದಕ್ಕೆ ಕ್ಲಿಕ್ ಎಂಬ ಸದ್ದು ಮಾತ್ರ, ಆದರೆ ಕೋವಿಯ ಮೂತಿ ಗೌರವದಿಂದ ನಮಸ್ಕಾರ ಮಾಡುವಂತೆ ಕೆಳಗೆ ಬಾಗಿತು. ತಮ್ಮನ ಕಣ್ಣುಗಳೆರಡೂ ಮುಚ್ಚಿದ್ದುವು. ಹುಡುಗ ನೋಡುತ್ತಿದ್ದ. ತಮ್ಮ ಯಾರ ಮುಖವನ್ನೂ ನೋಡದೆ ಕೋವಿಯನ್ನು ಮೇಜಿನ ಮೇಲಿಟ್ಟ. ನನ್ನನ್ನೂ ಕರೆಯುತ್ತಿದ್ದರೋ ಏನೋ, ಬೇಟೆಯ ಪರವಾನಗಿಯಿಲ್ಲದ ಪ್ರವಾಸಿಗರು ಕೋವಿ ಮುಟ್ಟಬಾರದೆಂಬ ಆ ದೇಶದ ಕಾನೂನು ನನ್ನ ಮಾನ ಕಾಯಿತು.

ಕೊಂಡುದು 7 ಎಂಎಂ-08. ಅಂಗಡಿಯಲ್ಲಿ ಮಕ್ಕಳಿಗೆಂದೇ ಮಾಡಿದ ಪುಟ್ಟ ಹಗುರ ಕೋವಿಯೊಂದಿತ್ತು, ತಮ್ಮ ಅದನ್ನೆತ್ತಿಕೊಂಡ. ಮುದುಕ ಬೇಡವೆಂದ. ಕೋವಿ ಹಗುರವಾದಷ್ಟೂ ಒದೆ ಹೆಚ್ಚು. ಮಕ್ಕಳಿಗೆ ಅನುಕೂಲವೆಂದು ತೂಕ ಇಳಿಸಿದ್ದು ಮಕ್ಕಳ ಭುಜಕ್ಕೇ ಮುಳುವು. ಸಾಧಾರಣ ತೂಕದ್ದೇ ಇರಲಿ, ಬುಡ ಮಾತ್ರ ಗಿಡ್ಡವಿರಲಿ. ಬುಡದ ಹಿಂದೆ ಬಿಲ್ಲೆಗಳನ್ನು ಸೇರಿಸುತ್ತ ಉದ್ದ ಮಾಡಬಹುದಾದ ಕೋವಿಗಳಿವೆ, ನಮ್ಮ ಲಂಗದ ಅಂಚು ಮಡಿಸಿ ಹೊಲಿದಂತೆ. ಬುಡ ಉದ್ದವಾದರೆ ಮಗು ಕತ್ತು ಚಾಚಿ ದುರ್ಬೀನಿಗೆ ಕಣ್ಣು ತಾಗಿಸುತ್ತದೆ, ಒದ್ದಾಗ ಹುಬ್ಬಿನ ಮೇಲೆ ಅರ್ಧಚಂದ್ರಾಕಾರದ ಗಾಯ. ಮುದುಕ ತನ್ನ ಹುಬ್ಬು ತೋರಿಸಿದ.

ಆದರೆ ಆ ಬೇಸಿಗೆಯಲ್ಲೆಲ್ಲ ಹುಡುಗ ಹೆಚ್ಚಾಗಿ ಹಿಡಿದದ್ದು ಹೊಸ ಕೋವಿಯನ್ನಲ್ಲ, ಮುದುಕನ ಹಳೆಯ .22 ರಿಮ್‌ಫೈರನ್ನು. ಒದೆಯೇ ಇಲ್ಲವೆನ್ನಬೇಕು, ಗುಂಡು ಕಾಲು ತೊಲವೂ ಇಲ್ಲ, ಜಿಂಕೆಗೆ ಅದನ್ನು ಬಳಸಲು ಅನುಮತಿಯೂ ಇಲ್ಲ. ಅಳಿಲಿಗೂ ತಗಡಿನ ಡಬ್ಬಕ್ಕೂ ಸರಿ. ದಿನಕ್ಕೆ ಮೂವತ್ತು ಸುತ್ತು, ಅದರಲ್ಲಿ ನಾಲ್ಕಾರು ಸುಳ್ಳು. ದೊಡ್ಡ ಕೋವಿಯಿಂದ ಒಂದು ದಿನಕ್ಕೆ ಐದಾರು ಸುತ್ತು ಮಾತ್ರ, ಭುಜ ನೆನಪಿಟ್ಟುಕೊಳ್ಳುವ ಮೊದಲೇ ನಿಲ್ಲಿಸಬೇಕು. ನಾನು ಹೊರಡುವ ವೇಳೆಗೆ ಸುಳ್ಳು ತೋಟಾ ಬಂದಾಗ ಹುಡುಗನ ಕೋವಿ ಕಲ್ಲಿನಂತೆ ನಿಲ್ಲುತ್ತಿತ್ತು.

ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತಕ್ಕೆ ಹೋದೆ. ಮಾವ ಈಗಿಲ್ಲ, ಕೋವಿ ಭಾವನ ಕೈಯಲ್ಲಿದೆ. ಎಲ್ಲರೂ ಉಂಡು ಮಲಗಿದ ಮೇಲೆ ಅವನನ್ನು ಹಿತ್ತಿಲಿಗೆ ಕರೆದು, ನನ್ನ ಬೆನ್ನ ಹಿಂದೆ ನಿಂತು ಹೊಡೆದ ತೋಟಾದ ಖಾಲಿ ಚಿಪ್ಪನ್ನೋ ಹೊಸದನ್ನೋ ನಿನಗೆ ತೋಚಿದಂತೆ ತುಂಬಿ ಕೊಡು ಎಂದೆ. ಎರಡನೆಯ ಸಲಕ್ಕೇ ಖಾಲಿ ಬಂತು. ಕೋವಿಯ ಮೂತಿ ಒಂದು ಗೇಣು ಕೆಳಗಿಳಿಯಿತು. ಭಾವ ಬಿದ್ದು ಬಿದ್ದು ನಕ್ಕ. ನಾನು ಭುಜ ಮುಟ್ಟಿ ನೋಡಿಕೊಂಡೆ. ಮೂವತ್ತು ವರ್ಷಕ್ಕೂ ಹಿಂದಿನ ಒದೆ ಅಲ್ಲೇ ಇತ್ತು.

ನವೆಂಬರಿನ ಆ ವಾರದ ಸೋಮವಾರ ಬೆಳಿಗ್ಗೆ ಪಾಠಕ್ಕೆ ಹೊರಟಿದ್ದಾಗ ತಮ್ಮನ ಫೋನು ಬಂತು. ಅಲ್ಲಿ ಇನ್ನೂ ಭಾನುವಾರದ ರಾತ್ರಿ. ಶನಿವಾರ ಒಂದು ಹೆಣ್ಣು ಜಿಂಕೆ ಎಪ್ಪತ್ತು ಗಜದಲ್ಲಿ ಬಂದು ಮುಖ ಇತ್ತ ಮಾಡಿ ನಿಂತಿತಂತೆ. ತಮ್ಮ ಪಿಸುಮಾತಿನಲ್ಲಿ ಹೊಡೆ ಎಂದನಂತೆ. ಹುಡುಗ ತಲೆಯಾಡಿಸಿ ಕೋವಿ ಕೆಳಗಿಳಿಸಿದ. ಅಡ್ಡ ತಿರುಗದೆ ಹೊಡೆಯಬಾರದೆಂದು ಅವನ ಪಾಠ. ಅದು ತಿರುಗದೆ ಹೊರಟುಹೋಯಿತು. ಭಾನುವಾರ ಇನ್ನೊಂದು ಬಂತು, ಅಡ್ಡ ತಿರುಗಿತು. ನಲವತ್ತು ಹೆಜ್ಜೆ ಓಡಿ ಬಿತ್ತಂತೆ. ಹುಡುಗ ಅದರ ಪಕ್ಕದಲ್ಲಿ ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದ, ಮುದುಕ ಯಾರೂ ಅವನನ್ನು ಎಬ್ಬಿಸಕೂಡದೆಂದ.

“ಎಷ್ಟು ತೋಟಾ ಖರ್ಚಾಯಿತು?” ಎಂದು ಕೇಳಿದೆ.

“ಒಂದು” ಎಂದು ಹೇಳಿ ತಮ್ಮ ಫೋನನ್ನು ಮಗನಿಗೆ ಕೊಟ್ಟ. ಹುಡುಗ ಜಿಂಕೆಯ ಮಾತೆತ್ತಲಿಲ್ಲ. “ದೊಡ್ಡಪ್ಪಾ, ನಿಮ್ಮ ಕೋವಿ ಇನ್ನೂ ನಮಸ್ಕಾರ ಮಾಡುತ್ತದೆಯೇ?” ಎಂದು ಕೇಳಿದ.