ನಮ್ಮೂರ ಡೈರಿಯ ‘ಡಿ’ ತಪ್ಪಿಹೋದ ಕಥೆ



‘ಮರೆಯಲಾಗದ ಘಟನೆ’ ಎಂಬ ವಿಷಯದ ಮೇಲೆ ಬರೆಯಿರಿ ಎಂದು ಕನ್ನಡ ಮೇಷ್ಟ್ರು ಹೇಳಿದಾಗ ನಮ್ಮ ತರಗತಿಯಲ್ಲಿ ನಾಲ್ಕು ಜನ ಜಾತ್ರೆ, ಮೂರು ಜನ ಪ್ರವಾಸ, ಒಬ್ಬ ಬಾವಿಗೆ ಬಿದ್ದ ಎಮ್ಮೆಯ ಬಗ್ಗೆ ಬರೆದಿದ್ದಾರೆ. ನಾನು ಬರೆಯುವುದು ‘ಡಿ’ ಎಂಬ ಒಂದೇ ಒಂದು ಇಂಗ್ಲಿಷ್ ಅಕ್ಷರದ ವಿಷಯ. ಆ ಅಕ್ಷರ ಜಾಗ ಬದಲಾಯಿಸಿದ್ದರಿಂದ ಒಂದು ಬೆಳಿಗ್ಗೆ ನಮ್ಮ ಚಿಕ್ಕಪ್ಪ ಊರಿನವರ ಕಣ್ಣಿನಲ್ಲಿ ಕಳ್ಳನಾಗಿದ್ದರು. ಗಲಾಟೆ ಆಗಿದ್ದು ನಿಮಗೆಲ್ಲಾ ಗೊತ್ತೇ ಇದೆ. ಯಾಕೆ ಆಯಿತು ಎಂಬುದು ಮಾತ್ರ ನನಗೊಬ್ಬನಿಗೇ ಗೊತ್ತು ಎಂದು ಎರಡು ವರ್ಷ ಅಂದುಕೊಂಡಿದ್ದೆ.

ಆಗ ನಾನು ಎಂಟನೇ ತರಗತಿ. ಚಿಕ್ಕಪ್ಪ ಹಾಲಿನ ಡೈರಿಯ ಸೆಕ್ರೆಟರಿ. ಡೈರಿಯಲ್ಲಿರುವ ಕಂಪ್ಯೂಟರಿನಲ್ಲಿ ಎರಡು ಹಾರ್ಡ್ ಡಿಸ್ಕ್. ಒಂದರಲ್ಲಿ ವಿಂಡೋಸ್, ಅದು ಸಿ. ಇನ್ನೊಂದರಲ್ಲಿ ಹಾಲಿನ ಲೆಕ್ಕ, ಅದು ಡಿ. ಸೀಡಿ ಹಾಕುವ ತಟ್ಟೆ ಇ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ದುಡ್ಡು ಎಷ್ಟು ಎಂಬುದೆಲ್ಲ ಡಿಯಲ್ಲಿ ‘ಹಾಲು’ ಎಂಬ ಹೆಸರಿನ ಫೋಲ್ಡರಿನೊಳಗೆ ಇರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಬಟವಾಡೆ.

ಎ, ಬಿ ಎಲ್ಲಿ ಹೋದವು ಎಂದು ನಾನು ಒಮ್ಮೆ ಕೇಳಿದ್ದೆ. ಮೊದಮೊದಲ ಕಂಪ್ಯೂಟರುಗಳಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲವಂತೆ. 1981ರಲ್ಲಿ ಐಬಿಎಂ ಪೀಸಿ ಬಂದಾಗ ಫ್ಲಾಪಿ ಎಂಬ ತೆಳು ತಟ್ಟೆಗಳೇ ಎಲ್ಲಾ. ಎ ಮತ್ತು ಬಿ ಅವಕ್ಕೆ ಮೀಸಲು. 1983ರಲ್ಲಿ ಪೀಸಿ ಎಕ್ಸ್‌ಟಿ ಎಂಬುದರಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಕೊಟ್ಟರು. ಅದಕ್ಕೆ ಸಿ ಬಂತು. ಫ್ಲಾಪಿ ಹೋದರೂ ಅದರ ಅಕ್ಷರ ಖಾಲಿ ಬಿಟ್ಟಿದ್ದಾರೆ, ಸತ್ತವರ ಕುರ್ಚಿ ಖಾಲಿ ಬಿಟ್ಟ ಹಾಗೆ.

2023ರ ಜುಲೈ ಮೊದಲ ವಾರ ಡೈರಿ ಕಂಪ್ಯೂಟರಿನೊಳಗೆ ಕಟ ಕಟ ಶಬ್ದ ಶುರುವಾಯಿತು. ತಾಲೂಕಿನಿಂದ ರಿಪೇರಿ ಅಣ್ಣ ಬಂದರು. (ಹೆಸರು ಬರೆಯುವುದಿಲ್ಲ, ಎಲ್ಲರಿಗೂ ಗೊತ್ತು.) ವಿಂಡೋಸ್ ಇರುವ ಡಿಸ್ಕ್ ಸಾಯುತ್ತಿದೆ, ಹೊಸದು ತರಿಸಬೇಕು ಎಂದರು. ಅದು ಬರುವ ತನಕ ಏನಾದರೂ ಆದೀತು ಎಂದು 8ನೇ ತಾರೀಖು ಶನಿವಾರ ಮಧ್ಯಾಹ್ನ ತಮ್ಮ ಪೆನ್ ಡ್ರೈವಿನಿಂದ ಕಂಪ್ಯೂಟರ್ ಎಬ್ಬಿಸಿ, ಸಿಯನ್ನು ಇದ್ದ ಹಾಗೇ ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಂಡರು. ಅದು ಅಂಗೈಯಗಲದ ಕರೀ ಡಬ್ಬಿ. ಇರಲಿ ಎಂದು ‘ಹಾಲು’ ಫೋಲ್ಡರನ್ನೂ ಅದೇ ಡಬ್ಬಿಗೆ ಹಾಕಿಕೊಂಡರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ.

ಮುಂದಿನ ಶನಿವಾರ, 15ನೇ ತಾರೀಖು, ಹೊಸ ಡಿಸ್ಕ್ ಬಂತು. ರಿಪೇರಿ ಅಣ್ಣ ಲೆಕ್ಕದ ಡಿಸ್ಕಿಗೆ ತಪ್ಪಿಯೂ ಕೈ ತಾಗಬಾರದೆಂದು ಅದರ ಕೇಬಲ್ ಬಿಚ್ಚಿಟ್ಟರು. ಡಬ್ಬಿಯಲ್ಲಿದ್ದ ನಕಲನ್ನು ಹೊಸ ಡಿಸ್ಕಿಗೆ ಇಳಿಸಿದರು. ಒಂದು ಗಂಟೆ ಹಿಡಿಯಿತು. ಕೊನೆಗೆ ಕಂಪ್ಯೂಟರ್ ಆಫ್ ಮಾಡಿ, “ನಾನು ಒಂದ್ ಟೀ ಕುಡ್ಕೊಂಡ್ ಬತ್ತೀನಿ. ಈ ಡಬ್ಬಿ ಕಿತ್ತಿಡು. ಅದು ಇರೋವಾಗ ಆನ್ ಮಾಡ್ಬೇಡ” ಎಂದು ಹೇಳಿ ಹೋದರು.

ನಾನು ಆನ್ ಮಾಡಿದೆ. ಡಬ್ಬಿ ಕೀಳಲಿಲ್ಲ.

ಯಾಕೆ ಎಂದರೆ ಹೇಳುವುದಕ್ಕೆ ಏನೂ ಇಲ್ಲ. ಸತ್ತ ಕಂಪ್ಯೂಟರ್ ಎದ್ದು ಬರುವುದನ್ನು ಮೊದಲು ನಾನೇ ನೋಡಬೇಕು ಅನ್ನಿಸಿತು, ಅಷ್ಟೇ. ಪರದೆ ಬೆಳಗಿತು, ಗೋಡೆಯ ಮೇಲಿದ್ದ ಹಳೇ ಹಸುವಿನ ಚಿತ್ರವೇ ಬಂತು. ಖುಷಿಯಾಗಿ ಮತ್ತೆ ಆಫ್ ಮಾಡಿ ಏನೂ ಗೊತ್ತಿಲ್ಲದವನ ಹಾಗೆ ಕ್ಯಾನಿನ ಮೇಲೆ ಕುಳಿತೆ. ರಿಪೇರಿ ಅಣ್ಣ ಬಂದರು, ಲೆಕ್ಕದ ಡಿಸ್ಕಿನ ಕೇಬಲ್ ಹಾಕಿದರು, ಆನ್ ಮಾಡಿದರು. ಹಾಲಿನ ಲೆಕ್ಕ ತೆರೆಯಿತು, ಸದಸ್ಯರ ಹೆಸರೆಲ್ಲ ಬಂದವು. ಬಸ್ಸಿನ ಹೊತ್ತಾಗಿತ್ತು. “ಡಬ್ಬಿ ಇಲ್ಲೇ ಇರ್ಲಿ, ಸೋಮವಾರ ಬಂದು ತಗೊಂಡೋಗ್ತೀನಿ” ಎಂದು ಹೊರಟರು. ಸಂಜೆ ಹಾಲು ಹಾಕಿದವರಿಗೆಲ್ಲ ಎಂದಿನಂತೆ ಚೀಟಿ ಬಂತು.

ಭಾನುವಾರ ಬೆಳಿಗ್ಗೆ ಬಟವಾಡೆ ಪಟ್ಟಿ ಹೊರಗೆ ಅಂಟಿಸಿದರು. ಎಲ್ಲರದೂ ಅರ್ಧಕ್ಕರ್ಧ ಕಮ್ಮಿ.

ಪೂರ್ತಿ ಸೊನ್ನೆ ಬಂದಿದ್ದರೆ ಜನ ಯಂತ್ರ ಕೆಟ್ಟಿದೆ ಅನ್ನುತ್ತಿದ್ದರು. ಅರ್ಧ ಬಂದರೆ ಯಂತ್ರದ ಮೇಲೆ ಯಾರಿಗೆ ಅನುಮಾನ ಬರುತ್ತದೆ? “ಏನಪ್ಪಾ ಸೆಕ್ರೆಟ್ರಿ, ಹಾಲು ಹಾಕಿದ್ದು ಹದಿನೈದ್ ದಿನ, ದುಡ್ಡು ಎಂಟ್ ದಿನದ್ದಾ?” ಎಂದು ಒಬ್ಬರು ಶುರು ಮಾಡಿದರು. “ಕಂಪ್ಯೂಟ್ರು ನುಂಗ್ತೋ, ಸೆಕ್ರೆಟ್ರಿ ನುಂಗುದ್ನೋ” ಎಂದು ಇನ್ನೊಬ್ಬರು. ಚಿಕ್ಕಪ್ಪ ಅದೇ ತಿಂಗಳು ಸೆಕೆಂಡ್ ಹ್ಯಾಂಡ್ ಬೈಕ್ ತಗೊಂಡಿದ್ದರು. ಎಲ್ಲರೂ ತಿರುಗಿ ಬೈಕ್ ನೋಡಿದರು. ಚಿಕ್ಕಪ್ಪನ ಮುಖ ನೋಡುವುದಕ್ಕೆ ನನಗೆ ಆಗಲಿಲ್ಲ. ಅವರ ಬಾಯಿಂದ ಒಂದು ಮಾತೂ ಬರಲಿಲ್ಲ, ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ನಿಂತಿದ್ದರು.

ಅಷ್ಟರಲ್ಲಿ ನಮ್ಮ ಅಜ್ಜಿ ಬಂದರು. ಚಿಕ್ಕಪ್ಪ ಅವರ ಸ್ವಂತ ಮಗ. ಆದರೂ ಅಜ್ಜಿಗೆ 2,946 ರೂಪಾಯಿ ಬರಬೇಕಿತ್ತು, 1,571 ಬಂದಿತ್ತು. “ಹೆತ್ತೋಳ್ಗೂ ಮೋಸಾನೇನ್ಲಾ?” ಎಂದು ಎಲೆಅಡಿಕೆ ಸಂಚಿಯಿಂದ ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು ತೆಗೆದು ಮೇಜಿನ ಮೇಲೆ ಕುಕ್ಕಿದರು. ಹದಿನೈದು ದಿನ, ಎರಡು ಹೊತ್ತು, ಮೂವತ್ತು ಚೀಟಿ. ಒಂದೂ ತಪ್ಪಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಆ ಚೀಟಿಯನ್ನು ಡೈರಿ ಬಾಗಿಲಲ್ಲೇ ಬಿಸಾಡುತ್ತಾರೆ.

ನಾನು ಮತ್ತು ಚಿಕ್ಕಪ್ಪ ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಚೀಟಿ ತಾಳೆ ನೋಡಿದೆವು. 1ನೇ ತಾರೀಖಿನಿಂದ 8ರ ಬೆಳಿಗ್ಗೆಯವರೆಗೆ ಎಲ್ಲಾ ಸರಿ. 8ರ ಸಂಜೆಯಿಂದ 15ರ ಬೆಳಿಗ್ಗೆಯವರೆಗೆ ಹದಿನಾಲ್ಕು ಹೊತ್ತು ಇಲ್ಲವೇ ಇಲ್ಲ. 15ರ ಸಂಜೆ ಮತ್ತೆ ಇದೆ.

8ರ ಮಧ್ಯಾಹ್ನ ಎಂದ ಕೂಡಲೇ ನನ್ನ ಎದೆ ಧಸಕ್ ಎಂದಿತು. ರಿಪೇರಿ ಅಣ್ಣ ಡಬ್ಬಿಗೆ ನಕಲು ಮಾಡಿಕೊಂಡಿದ್ದು ಆಗಲೇ ಅಲ್ಲವೇ? ಪರದೆಯ ಮೇಲೆ ಕಾಣುತ್ತಿದ್ದುದು ನಮ್ಮ ಲೆಕ್ಕವಲ್ಲ, ಡಬ್ಬಿಯಲ್ಲಿದ್ದ ಹಳೇ ಲೆಕ್ಕ!

ಚಿಕ್ಕಪ್ಪ ಎಲ್ಲರ ಮುಂದೆಯೇ ರಿಪೇರಿ ಅಣ್ಣನಿಗೆ ಫೋನ್ ಹಚ್ಚಿ ಬಾಯಿಗೆ ಬಂದ ಹಾಗೆ ಬೈದರು. ಆಮೇಲೆ ಫೋನ್ ನನ್ನ ಕೈಗೆ ಕೊಟ್ಟರು. ಅಣ್ಣ ಹೇಳಿದ್ದು ಇಷ್ಟು. ಯಾವ ಡಿಸ್ಕಿಗೆ ಯಾವ ಅಕ್ಷರ ಎಂದು ವಿಂಡೋಸ್ ತನ್ನೊಳಗೆ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಡಿಸ್ಕನ್ನು ಗುರುತು ಹಿಡಿಯುವುದು ಅದರ ತಲೆಯ ಭಾಗದಲ್ಲಿ ಬರೆದ ಒಂದು ಸಂಖ್ಯೆಯಿಂದ. ಹಳೇ ಕಾಲದ ಡಾಸ್, ವಿಂಡೋಸ್ 98ರಲ್ಲಿ ಹಾರ್ಡ್ ಡಿಸ್ಕುಗಳಿಗೆ ಈ ಪಟ್ಟಿ ಇರಲಿಲ್ಲವಂತೆ. ಆನ್ ಮಾಡಿದಾಗಲೆಲ್ಲ ಹೊಸದಾಗಿ ಎಣಿಸುತ್ತಿತ್ತು, ನಡುವೆ ಹೊಸ ಡಿಸ್ಕ್ ಸೇರಿಸಿದರೆ ಮೊದಲಿದ್ದ ಡಿ ಹೋಗಿ ಇ ಆಗುತ್ತಿತ್ತು. ವಿಂಡೋಸ್ 2000ದಿಂದ ಈಚೆಗೆ ನೆನಪಿಟ್ಟುಕೊಳ್ಳುತ್ತದೆ. ಆದರೆ ಆ ನೆನಪಿಗೂ ಒಂದು ಮಿತಿ ಇದೆ.

ನಮ್ಮ ಬಸ್ಸನ್ನೇ ನೆನೆಸಿಕೊಳ್ಳಿ. ಸೀಟಿನ ಮೇಲೆ ಟವೆಲ್ ಹಾಕಿ ಕೆಳಗೆ ಇಳಿದರೆ ನಮ್ಮೂರಿನಲ್ಲಿ ಯಾರೂ ಕೂರುವುದಿಲ್ಲ. ವಿಂಡೋಸಿಗೆ ಟವೆಲ್ಲಿನ ಮರ್ಯಾದೆ ಗೊತ್ತಿಲ್ಲ. ಡಿಯವನು ಹಾಜರಿದ್ದರೆ ಸೀಟು ಅವನದೇ. ಇಲ್ಲದಿದ್ದರೆ, ಹೊಸಬ ಬಂದು ಸೀಟು ಕೇಳಿದರೆ, ಖಾಲಿ ಇದೆಯಲ್ಲ ಎಂದು ಕೊಟ್ಟು, ಪಟ್ಟಿಯಲ್ಲೂ ಅವನ ಹೆಸರನ್ನೇ ಬರೆದುಬಿಡುತ್ತದೆ. ನಮ್ಮ ವಿಂಡೋಸ್ ಆ ಡಬ್ಬಿಯನ್ನು ಹಿಂದೆ ನೋಡಿಯೇ ಇರಲಿಲ್ಲ. ಲೆಕ್ಕದ ಡಿಸ್ಕಿನ ಕೇಬಲ್ ಬಿಚ್ಚಿದ್ದಾಗ ಆನ್ ಮಾಡಿದ್ದರಿಂದ ಡಬ್ಬಿಗೆ ಡಿ ಸಿಕ್ಕಿತು. ಆಮೇಲೆ ಬಂದ ನಮ್ಮ ನಿಜವಾದ ಡಿಗೆ ಎಫ್ ಕೊಟ್ಟು ಹಿಂದೆ ಕೂರಿಸಿತು. ಹಾಲಿನ ಲೆಕ್ಕದ ಸಾಫ್ಟ್‌ವೇರಿಗೆ ಡಿಸ್ಕ್ ಯಾವುದೆಂದು ಏನು ಗೊತ್ತು? ಡಿಗೆ ಹೋಗು, ‘ಹಾಲು’ ತೆಗೆ ಎಂದು ಹೇಳಿಕೊಟ್ಟಿದ್ದಾರೆ. ಹೋಯಿತು, ಅಲ್ಲಿ ‘ಹಾಲು’ ಇತ್ತು, ತೆಗೆಯಿತು. ಆ ಡಬ್ಬಿಯಲ್ಲಿ ಫೋಲ್ಡರಿಗೆ ಬೇರೆ ಹೆಸರು ಇದ್ದಿದ್ದರೆ ಸಿಕ್ಕಲಿಲ್ಲ ಎಂದಾದರೂ ಕೂಗುತ್ತಿತ್ತು.

“ಡಬ್ಬಿ ಕಿತ್ತಾಕ್ಬಿಡ್ಲಾ?” ಎಂದೆ. “ಬೇಡ, ನಿನ್ನೆ ಸಂಜೆದು ಇವತ್ ಬೆಳಿಗ್ಗೆದು ಎರಡು ಹೊತ್ತಿನ ಹಾಲು ಅದ್ರಲ್ಲಿ ಐತೆ. ಮೊದ್ಲು ಅದ್ನ ಕಾಗದದ ಮೇಲೆ ಬರ್ಕೊಳಿ” ಎಂದರು. ಕಿತ್ತರೂ ನಮ್ಮ ಡಿಸ್ಕ್ ತಾನಾಗಿ ಡಿ ಆಗುವುದಿಲ್ಲವಂತೆ, ಪಟ್ಟಿಯಲ್ಲಿ ಆಗಲೇ ಎಫ್ ಎಂದು ಬರೆದಾಗಿದೆ. ಬರೆದುಕೊಂಡೆವು. ಹಾಲಿನ ಸಾಫ್ಟ್‌ವೇರ್ ಮುಚ್ಚಿದೆವು. ಆಮೇಲೆ ಸ್ಟಾರ್ಟ್ ಮೇಲೆ ಬಲಗಡೆ ಗುಂಡಿ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಸಿದರು. “ಅಕ್ಷರ ನೋಡ್ಬೇಡ, ಎಷ್ಟ್ ದೊಡ್ಡದು ಅಂತ ನೋಡು” ಎಂದರು. ನಮ್ಮ ಲೆಕ್ಕದ ಡಿಸ್ಕ್ 500 ಗಿಗಾಬೈಟಿನದು, ಅಲ್ಲಿ 465 ಎಂದು ಕಾಣುತ್ತದೆ. ಡಬ್ಬಿ 1 ಟೆರಾಬೈಟು, ಅದು 931. (ತಯಾರಿಸುವವರು ಸಾವಿರದಿಂದ ಎಣಿಸುತ್ತಾರೆ, ವಿಂಡೋಸ್ 1024ರಿಂದ ಎಣಿಸುತ್ತದೆ. ಗಣಿತ ಮೇಷ್ಟ್ರು ಲೆಕ್ಕ ಮಾಡಿಸಿ ತೋರಿಸಿದ್ದಾರೆ, ಸರಿಯಾಗಿದೆ.) ಡಿ ಎಂಬ ಹೆಸರಿನ ಪಕ್ಕ 931 ಇತ್ತು. ಎಫ್ ಪಕ್ಕ 465.

ಒಂದೇ ಸಲಕ್ಕೆ ಅದಲು ಬದಲು ಮಾಡಲು ಬರುವುದಿಲ್ಲ. ಡಿಯಲ್ಲಿ ಕೂತವನನ್ನು ಮೊದಲು ಎಬ್ಬಿಸಬೇಕು. 931ಕ್ಕೆ ಕೆ ಕೊಟ್ಟೆ. ಈಗ ಡಿ ಖಾಲಿ. 465ಕ್ಕೆ ಡಿ ಕೊಟ್ಟೆ. ಪ್ರತಿ ಸಲವೂ, ಅಕ್ಷರ ಬದಲಾದರೆ ಅದನ್ನು ನಂಬಿದ ಕೆಲವು ಪ್ರೋಗ್ರಾಂಗಳು ಸರಿಯಾಗಿ ನಡೆಯದೆ ಇರಬಹುದು, ಮುಂದುವರಿಯಲೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ನನಗೆ ಸಿಟ್ಟು ಬಂತು. ನಿನ್ನೆ ತಾನೇ ಬದಲಾಯಿಸಿಕೊಂಡಾಗ ಇದನ್ನು ಯಾಕೆ ಕೇಳಲಿಲ್ಲ?

ಲೆಕ್ಕ ತೆರೆದರೆ ಎಲ್ಲಾ ಇತ್ತು. 8ರ ಸಂಜೆ ಇತ್ತು, 9 ಇತ್ತು, 15ರ ಬೆಳಿಗ್ಗೆ ಇತ್ತು. ಬರೆದುಕೊಂಡ ಎರಡು ಹೊತ್ತಿನದನ್ನು ಮತ್ತೆ ಹಾಕಿ ಹೊಸ ಪಟ್ಟಿ ತೆಗೆಯುವಷ್ಟರಲ್ಲಿ ಹನ್ನೊಂದು ಗಂಟೆ. ಅಜ್ಜಿಗೆ 2,946 ಬಂತು, ಚೀಟಿಯನ್ನು ಮಡಚಿ ಸಂಚಿಗೆ ಹಾಕಿಕೊಂಡು ಮಗನನ್ನು ಮಾತಾಡಿಸದೆ ಮನೆಗೆ ಹೋದರು. ಬೈದವರಲ್ಲಿ ಇಬ್ಬರು ಬಂದು “ತಪ್ಪಾಯ್ತು ಬುಡಪ್ಪ” ಎಂದರು. ಉಳಿದವರು ಏನೂ ಹೇಳಲಿಲ್ಲ.

ಸೋಮವಾರ ರಿಪೇರಿ ಅಣ್ಣ ಬಂದು ಡಬ್ಬಿ ತಗೊಂಡರು. ಕಂಪ್ಯೂಟರಿನಲ್ಲಿ ಏನೋ ನೋಡಿದರು, ನನ್ನ ಕಡೆ ಒಂದು ಸಲ ನೋಡಿದರು. ಚಿಕ್ಕಪ್ಪ ಅವರ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಡೈರಿಯವರು ಅವರನ್ನು ಕರೆಯಲೇ ಇಲ್ಲ. ಈಗ ಬೇರೆ ಯಾರೋ ಬರುತ್ತಾರೆ, ಇದಕ್ಕಿಂತ ಹೆಚ್ಚು ದುಡ್ಡು ತಗೊಳ್ಳುತ್ತಾರೆ.

ಈ ಲೇಖನ ಬರೆಯಲು ಕೂತಾಗ ಮೊದಲು ಅವರಿಗೆ ಹೇಳಬೇಕು ಅನ್ನಿಸಿತು. ನಿನ್ನೆ ಸಂಜೆ ಅಪ್ಪನ ಫೋನಿನಿಂದ ಮಾತಾಡಿದೆ.

“ಅಣ್ಣಾ, ಅವತ್ತು ನೀವು ಟೀ ಕುಡಿಯೋಕೆ ಹೋದಾಗ ನಾನೇ ಆನ್ ಮಾಡಿದ್ದು.”

“ಗೊತ್ತು ಕಣೋ. ಯಾವಾಗ ಆನ್ ಆಯ್ತು, ಯಾವಾಗ ಆಫ್ ಆಯ್ತು ಅಂತ ವಿಂಡೋಸ್ ಬರ್ದಿಟ್ಕಂಡಿರ್ತದೆ. ಸೋಮವಾರನೇ ನೋಡ್ದೆ.”

“ಮತ್ತೆ ಚಿಕ್ಕಪ್ಪಂಗೆ ಯಾಕೆ ಹೇಳ್ಲಿಲ್ಲ?”

“ಎಂಟ್ನೇ ಕ್ಲಾಸ್ ಹುಡ್ಗನ್ ಮೇಲೆ ಹಾಕಿ ನಾನೇನ್ ಮಾಡ್ಲಿ? ಅಲ್ದೆ ಡಬ್ಬಿ ಕಿತ್ತವ್ನೋ ಇಲ್ವೋ ಅಂತ ನೋಡಿ ಕೇಬಲ್ ಹಾಕ್ಬೇಕಿತ್ತು. ಬಸ್ಸಿಗೆ ಹೊತ್ತಾಗಿತ್ತು, ನೋಡ್ಲಿಲ್ಲ.”

ಬರುವ ಶನಿವಾರ ನಮ್ಮ ಶಾಲೆಯಲ್ಲಿ ಪೋಷಕರ ಸಭೆ. ಅಪ್ಪನ ಬದಲು ಚಿಕ್ಕಪ್ಪ ಬರುತ್ತಾರೆ. ಅವರಿಗೆ ಕನ್ನಡಕ ಇಲ್ಲದೆ ಸಣ್ಣ ಅಕ್ಷರ ಕಾಣುವುದಿಲ್ಲ. ಅದಕ್ಕೇ ಇದನ್ನು ಇಷ್ಟು ದೊಡ್ಡದಾಗಿ ಬರೆದಿದ್ದೇನೆ, ಎರಡು ಹಾಳೆ ಹೆಚ್ಚು ಹಿಡಿದಿದ್ದಕ್ಕೆ ಸಂಪಾದಕರು ಕ್ಷಮಿಸಬೇಕು.

ಇಂತಿ,
ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ